ಎಟಿಸಿ ಕೆಲಸ, ತರಬೇತಿ, ಬಡ್ತಿ: ಕಾರವಾರ–ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಗೆ ಇನ್ನೂ ನಾಗರಿಕ ವಿಮಾನ ನಿಲ್ದಾಣವಿಲ್ಲ. ಪೈಲಟ್ ಯಾರು, ಗಗನಸಖಿ ಯಾರು ಅಂತ ಎಲ್ಲರಿಗೂ ಗೊತ್ತು. ನನ್ನ ಕೆಲಸ ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣ, ಅಂತ ಹೇಳಿದರೆ ಮಾತ್ರ ಎದುರಿನವರ ಹುಬ್ಬು ಮೇಲೇರುತ್ತದೆ. ಊರಿಗೆ ಬಂದಾಗ ಮದುವೆ ಮನೆಯ ಪಂಕ್ತಿಯಲ್ಲಿ, ಕೊಂಕಣ ರೈಲಿನಲ್ಲಿ, ಪರಿಚಯದ ಮೇಷ್ಟ್ರು ಕರೆದ ಕಾಲೇಜುಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನೇಮಕಾತಿಯ ಷರತ್ತುಗಳು ಒಂದು ಅಧಿಸೂಚನೆಯಿಂದ ಇನ್ನೊಂದಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ಅರ್ಜಿ ಹಾಕುವ ಮೊದಲು ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿ.

## ಕೆಲಸ ಎಂಥದ್ದು

ಎಟಿಸಿ ಅಂದ್ರೆ ವಿಮಾನದ ಮುಂದೆ ಕೈಯಲ್ಲಿ ಬ್ಯಾಟ್ ಹಿಡಿದು ನಿಲ್ತಾರಲ್ಲ, ಅವರಾ?

ಅಲ್ಲ. ಅವರು ಮಾರ್ಷಲರ್. ವಿಮಾನ ನಿಲ್ಲುವ ಜಾಗಕ್ಕೆ ಅದನ್ನು ಸರಿಯಾಗಿ ತಂದು ನಿಲ್ಲಿಸುವುದು ಅವರ ಕೆಲಸ. ಎಟಿಸಿ ಅಂದರೆ ಏರ್ ಟ್ರಾಫಿಕ್ ಕಂಟ್ರೋಲರ್, ಸರ್ಕಾರಿ ಕನ್ನಡದಲ್ಲಿ ವಾಯು ಸಂಚಾರ ನಿಯಂತ್ರಕ. ಎಂಜಿನ್ ಚಾಲೂ ಮಾಡುವುದರಿಂದ ಹಿಡಿದು ಇನ್ನೊಂದು ಊರಲ್ಲಿ ಇಳಿದು ನಿಲ್ಲುವ ತನಕ ಪೈಲಟ್ ಯಾರದೋ ಒಬ್ಬ ಕಂಟ್ರೋಲರ್ ಜೊತೆ ಮಾತಿನಲ್ಲಿರುತ್ತಾನೆ. ಎರಡು ವಿಮಾನಗಳ ನಡುವೆ ಇರಬೇಕಾದ ಅಂತರ ಕಾಯುವುದು ನಮ್ಮ ಮೊದಲ ಕೆಲಸ. ಉಳಿದದ್ದೆಲ್ಲ ಅದರ ನಂತರ. ದೊಡ್ಡ ಜೆಟ್‌ಗಳು ಹಾರುವ ಎತ್ತರದಲ್ಲಿ ಒಂದರ ಮೇಲೊಂದು ಹೋಗುವಾಗ ಸಾಮಾನ್ಯವಾಗಿ 1,000 ಅಡಿ ಅಂತರ ಬೇಕು. ಒಂದೇ ಎತ್ತರದಲ್ಲಿದ್ದರೆ, ರೇಡಾರ್ ಇರುವ ಕಡೆ, 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ವಿಮಾನ ನಿಲ್ದಾಣದ ಸುತ್ತ 3 ಮೈಲಿಗೂ ಇಳಿಸಬಹುದು.

ಕಾರವಾರ ಬೀಚಲ್ಲಿ ನಿಂತ್ರೆ ಮೇಲೆ ಎಷ್ಟೋ ವಿಮಾನ ಹೋಗ್ತದೆ. ಅವನ್ನೆಲ್ಲ ಗೋವಾದ ಟವರಿನವರೇ ನೋಡ್ತಾರಾ?

ಟವರಿನವರು ನೋಡುವುದು ರನ್‌ವೇ, ಟ್ಯಾಕ್ಸಿವೇ ಮತ್ತು ಅದರ ಆಸುಪಾಸಿನ ಆಕಾಶ ಮಾತ್ರ. ಏರಿದ ವಿಮಾನವನ್ನು ಅಪ್ರೋಚ್ ಕಂಟ್ರೋಲ್ ತೆಗೆದುಕೊಳ್ಳುತ್ತದೆ. ಇನ್ನೂ ಮೇಲೆ ಹೋದಾಗ ಏರಿಯಾ ಕಂಟ್ರೋಲ್. ಭಾರತದ ಆಕಾಶವನ್ನು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ ಎಂಬ ನಾಲ್ಕು ದೊಡ್ಡ ವಲಯಗಳಾಗಿ ಹಂಚಲಾಗಿದೆ. ನಿಮ್ಮ ತಲೆಯ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನದ ಪೈಲಟ್ ಮಾತಾಡುತ್ತಿರುವುದು ನೂರಾರು ಕಿಲೋಮೀಟರ್ ದೂರದ ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆಯ ಮುಂದೆ ಕುಳಿತವರ ಜೊತೆ. ಅರಬ್ಬಿ ಸಮುದ್ರದ ಮೇಲೆ ತುಂಬ ದೂರ ಹೋದರೆ ಸಾಮಾನ್ಯ ವಿಎಚ್‌ಎಫ್ ರೇಡಿಯೋ ಮುಟ್ಟುವುದಿಲ್ಲ. ಅಲ್ಲಿ ಎಚ್‌ಎಫ್ ರೇಡಿಯೋ ಬೇಕು, ಇಲ್ಲವೇ ಅಕ್ಷರದಲ್ಲೇ ಸಂದೇಶ ಕಳಿಸುವ ಡೇಟಾ ಲಿಂಕ್.

ಟವರ್ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಫೋಟೋಗಳಲ್ಲೂ ಅದೇ. ಕಂಟ್ರೋಲರ್‌ಗಳಲ್ಲಿ ಬಹಳ ಮಂದಿ ಟವರಿನ ಹೊರಗೇ ಕೆಲಸ ಮಾಡುತ್ತಾರೆ.

ಏರ್‌ಪೋರ್ಟ್ ಈಗ ಪ್ರೈವೇಟ್ ಅಲ್ವಾ? ಹಾಗಾದ್ರೆ ಇದು ಕಂಪನಿ ಕೆಲಸವಾ, ಸರ್ಕಾರಿ ಕೆಲಸವಾ?

ಟರ್ಮಿನಲ್ ಕಟ್ಟಡ, ಪಾರ್ಕಿಂಗ್, ಅಂಗಡಿಗಳನ್ನು ಯಾರು ನಡೆಸಿದರೂ ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಬಹುಪಾಲು ಎಟಿಸಿ ಕೆಲಸ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಅಂದರೆ ಎಎಐಯದ್ದು. ಅದು 1995ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಮಂಗಳೂರು, ಬೆಂಗಳೂರಿನ ನಿಲ್ದಾಣಗಳನ್ನು ಖಾಸಗಿಯವರು ನಡೆಸುತ್ತಿದ್ದಾರೆ, ಕಂಟ್ರೋಲರ್‌ಗಳು ಎಎಐ ನೌಕರರು. ಗೋವಾದ ಮೋಪಾದಲ್ಲೂ ಹಾಗೆಯೇ.

ಗೋವಾದ ಇನ್ನೊಂದು ನಿಲ್ದಾಣ ದಾಬೋಲಿಂ ಬೇರೆ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ಇಂಡಿಗೋ ಬರಲಿ, ಏರ್ ಇಂಡಿಯಾ ಬರಲಿ, ಇಳಿಸುವವರು ನೌಕಾಪಡೆಯ ಕಂಟ್ರೋಲರ್‌ಗಳು. ಕಾರವಾರದ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ವಿಮಾನ ನಿಲ್ದಾಣಗಳಲ್ಲಿ ಒಂದರ ಎಟಿಸಿಗೆ ಸೇರಲು ಎಎಐ ಪರೀಕ್ಷೆ ಬರೆದು ಪ್ರಯೋಜನವಿಲ್ಲ ಅನ್ನುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ.

## ಓದು, ವಯಸ್ಸು, ಕಣ್ಣು

ಮಗಳು ಪಿಯುಸಿ ಸೈನ್ಸ್. ಮುಂದೆ ಎಂತ ಓದಿಸಿದ್ರೆ ಈ ಕೆಲಸಕ್ಕೆ ಆಗ್ತದೆ?

ಎರಡು ದಾರಿ ಇವೆ. ಒಂದು, ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಮೂರು ವರ್ಷದ ಬಿ.ಎಸ್‌ಸಿ. ಇನ್ನೊಂದು, ಯಾವುದೇ ವಿಭಾಗದ ಬಿ.ಇ. ಅಥವಾ ಬಿ.ಟೆಕ್, ಯಾವುದಾದರೂ ಸೆಮಿಸ್ಟರಿನಲ್ಲಿ ಭೌತಶಾಸ್ತ್ರ, ಗಣಿತ ಪಠ್ಯವಾಗಿರಬೇಕು. ಯಾವುದಾದರೂ ಸರಿ, ಕಾಲೇಜಿಗೆ ಹೋಗಿ ಓದಿದ ಪೂರ್ಣಾವಧಿ ಪದವಿಯೇ ಆಗಬೇಕು.

ಇದಕ್ಕೆ ಮಂಗಳೂರು, ಬೆಂಗಳೂರಿಗೆ ಕಳಿಸಬೇಕು ಅಂತ ಸಾಲ ಮಾಡುವವರನ್ನು ನೋಡಿದ್ದೇನೆ. ಅಗತ್ಯವಿಲ್ಲ. ಕಾರವಾರದ ಸರ್ಕಾರಿ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ, ಕುಮಟೆಯ ಬಾಳಿಗಾ, ಶಿರಸಿಯ ಎಂ.ಎಂ. ಕಾಲೇಜು, ಇವುಗಳಲ್ಲಿ ಸಿಗುವ ಬಿ.ಎಸ್‌ಸಿ ಪದವಿಗೂ ದೊಡ್ಡ ನಗರದ ಪದವಿಗೂ ಈ ನೇಮಕಾತಿಯಲ್ಲಿ ವ್ಯತ್ಯಾಸವಿಲ್ಲ. ವಿಷಯಗಳ ಜೋಡಣೆ ಸರಿ ಇದೆಯೇ ಅಂತ ಸೇರುವ ದಿನವೇ ನೋಡಿಕೊಳ್ಳಿ. ಅಂಕಪಟ್ಟಿಯಲ್ಲಿ ಗಣಿತವಿಲ್ಲ ಅಂತ ಮೂರು ವರ್ಷದ ನಂತರ ಗೊತ್ತಾದರೆ ಮಾಡುವಂಥದ್ದು ಏನೂ ಇರುವುದಿಲ್ಲ.

ನಾನು ಬಿಸಿಎ ಮಾಡಿದ್ದೇನೆ. ಗೆಳೆಯ ಡಿಪ್ಲೊಮಾ ಮಾಡಿ ಸೀದಾ ಎರಡನೇ ವರ್ಷದ ಬಿ.ಇ.ಗೆ ಸೇರಿದ್ದಾನೆ. ನಮಗೆ ಅವಕಾಶ ಇದೆಯಾ?

ಬಿಸಿಎಗೆ ಇಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡ ಬಿ.ಎಸ್‌ಸಿಗೂ ಇಲ್ಲ. ನಿಮ್ಮ ಗೆಳೆಯನಿಗೆ ಅವಕಾಶ ಇರಬಹುದು, ಆದರೆ ಅವರು ಒಂದು ವಿಷಯ ನೋಡಿಕೊಳ್ಳಬೇಕು. ನಮ್ಮ ಎಂಜಿನಿಯರಿಂಗ್‌ನಲ್ಲಿ ಭೌತಶಾಸ್ತ್ರ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಮುಗಿಯುತ್ತದೆ. ಡಿಪ್ಲೊಮಾದಿಂದ ಬಂದವರು ಆ ವರ್ಷವನ್ನು ಹಾರಿ ಬಂದಿರುತ್ತಾರೆ. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತವರು ಕೇಳುವುದು ಆ ಎರಡು ವಿಷಯಗಳನ್ನೇ. ಪಠ್ಯಕ್ರಮದ ಪ್ರತಿಯನ್ನು ವಿಶ್ವವಿದ್ಯಾಲಯದಿಂದ ಮೊದಲೇ ತರಿಸಿಟ್ಟುಕೊಳ್ಳಲಿ.

ವಯಸ್ಸಿನ ಮಿತಿ ಎಷ್ಟು?

ಸಾಮಾನ್ಯ ವರ್ಗಕ್ಕೆ ಗರಿಷ್ಠ 27. ಹಿಂದುಳಿದ ವರ್ಗಕ್ಕೆ 3 ವರ್ಷ, ಪರಿಶಿಷ್ಟ ಜಾತಿ, ಪಂಗಡಕ್ಕೆ 5 ವರ್ಷ ಸಡಿಲಿಕೆ ಇದೆ. ಹಿಂದುಳಿದ ವರ್ಗದ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲಿ ಇರಬೇಕು. ರಾಜ್ಯದ ಪಟ್ಟಿಯಲ್ಲಿದ್ದೀರಿ ಅಂದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತೀರಿ ಅಂತಲ್ಲ. ತಹಶೀಲ್ದಾರ್ ಕಚೇರಿಗೆ ಕೊನೆಯ ವಾರ ಓಡಬೇಡಿ.

ಕನ್ನಡಕ ಇದ್ರೆ ತಗೊಳ್ಳೋದಿಲ್ವಂತೆ, ಹೌದಾ?

ಸುಳ್ಳು. ಕಂಟ್ರೋಲರ್‌ಗಳಿಗೆ ಕ್ಲಾಸ್ 3 ವೈದ್ಯಕೀಯ ಪರೀಕ್ಷೆ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿನ ದೃಷ್ಟಿ 6/9, ಎರಡೂ ಕಣ್ಣು ಸೇರಿ 6/6 ಇದ್ದರೆ ದೂರದೃಷ್ಟಿಯ ಮಟ್ಟಿಗೆ ತೊಂದರೆ ಇಲ್ಲ. ಕಷ್ಟ ಆಗುವುದು ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ. ಕೆಂಪು, ಹಸಿರು ಬೇರೆ ಮಾಡಲು ಆಗದಿದ್ದರೆ ದಾರಿ ಮುಚ್ಚಿತು. ರೇಡಿಯೋ ಕೆಟ್ಟ ವಿಮಾನಕ್ಕೆ ಟವರಿನಿಂದ ಬಣ್ಣದ ದೀಪದಲ್ಲಿ ಸಂಕೇತ ಕೊಡುವ ಪದ್ಧತಿ ಈಗಲೂ ಇದೆ. ಪರದೆಯ ಮೇಲೂ ಬಣ್ಣಕ್ಕೆ ಅರ್ಥವಿದೆ. ಗಂಡುಮಕ್ಕಳಲ್ಲಿ ವರ್ಣಾಂಧತೆ ಹೆಚ್ಚು, ಎಷ್ಟೋ ಮಂದಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಪುಸ್ತಕ ಕೊಳ್ಳುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಚುಕ್ಕಿಗಳ ಆ ಪರೀಕ್ಷೆ ಮಾಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಹತ್ತನೇ ತನಕ ಕನ್ನಡ ಮೀಡಿಯಂ. ಇಂಗ್ಲಿಷಲ್ಲಿ ಪೈಲಟ್ ಹತ್ರ ಮಾತಾಡೋಕೆ ಆಗ್ತದಾ?

ಆಗುತ್ತದೆ, ಆದರೆ ತಾನಾಗಿ ಆಗುವುದಿಲ್ಲ. ಕೆಲಸದಲ್ಲಿ ಬಳಸುವ ಮಾತು ನಿಗದಿತ ವಾಕ್ಯಗಳ ಕಟ್ಟು. ಉದಾಹರಣೆಗೆ ಮಂಗಳೂರಿನಲ್ಲಿ ಇಳಿಯುವ ವಿಮಾನಕ್ಕೆ ‘ರನ್‌ವೇ ಟೂ ಫೋರ್, ಕ್ಲಿಯರ್ಡ್ ಟು ಲ್ಯಾಂಡ್’ ಅನ್ನುತ್ತೇವೆ. ‘ಟ್ವೆಂಟಿ ಫೋರ್’ ಅನ್ನುವುದಿಲ್ಲ. ಒಂಬತ್ತನ್ನು ‘ನೈನರ್’ ಅನ್ನಬೇಕು, ‘ನೈನ್’ ರೇಡಿಯೋ ಗದ್ದಲದಲ್ಲಿ ‘ಫೈವ್’ ಥರ ಕೇಳಿಸಬಹುದು. ನಾವು ಹೇಳಿದ ಮುಖ್ಯ ಸೂಚನೆಯನ್ನು ಪೈಲಟ್ ಹಾಗೇ ತಿರುಗಿ ಹೇಳಬೇಕು. ಅದು ಸರಿ ಇದೆಯೇ ಅಂತ ನಾವು ಕಿವಿಗೊಟ್ಟು ಕೇಳಬೇಕು.

ಆದರೆ ವಿಮಾನಕ್ಕೆ ಹಕ್ಕಿ ಬಡಿದಾಗ, ಪ್ರಯಾಣಿಕನಿಗೆ ಎದೆನೋವು ಬಂದಾಗ ಈ ಕಟ್ಟು ಸಾಲುವುದಿಲ್ಲ. ಆಗ ಸಾದಾ ಇಂಗ್ಲಿಷ್ ಬೇಕು, ಎದುರಿನವರ ಉಚ್ಚಾರ ರಷ್ಯನ್ನಿನದೋ ಅರಬ್ಬಿಯದೋ ಇರಬಹುದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. ಕಜಾಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗೆ ಇಳಿದಿತ್ತು. ಆ ಸಿಬ್ಬಂದಿಯ ಇಂಗ್ಲಿಷ್ ದುರ್ಬಲವಾಗಿದ್ದದ್ದೂ ಚರ್ಚೆಗೆ ಬಂತು. ಇಂಥ ಅಪಘಾತಗಳ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್, ಕಂಟ್ರೋಲರ್ ಇಬ್ಬರಿಗೂ ಇಂಗ್ಲಿಷ್ ಸಾಮರ್ಥ್ಯದ ಆರು ಮಟ್ಟಗಳನ್ನು ಗೊತ್ತುಮಾಡಿತು. ಕನಿಷ್ಠ 4ನೇ ಮಟ್ಟ ಬೇಕು. 4ರಲ್ಲಿರುವವರನ್ನು ಮೂರು ವರ್ಷಕ್ಕೊಮ್ಮೆ, 5ರಲ್ಲಿರುವವರನ್ನು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತಾರೆ.

ಸಿದ್ದಾಪುರ, ಯಲ್ಲಾಪುರದ ಹಳ್ಳಿ ಶಾಲೆಯಿಂದ ಬಂದವರಿಗೆ ನಾನು ಹೇಳುವುದು ಇಷ್ಟೆ: ವ್ಯಾಕರಣಕ್ಕಿಂತ ಮೊದಲು ಕಿವಿ ತಯಾರು ಮಾಡಿ. ಬೇರೆ ಬೇರೆ ದೇಶದವರ ಇಂಗ್ಲಿಷ್ ದಿನಾ ಅರ್ಧ ಗಂಟೆ ಕೇಳಿ.

## ಪರೀಕ್ಷೆ ಮತ್ತು ಆಯ್ಕೆ

ಪರೀಕ್ಷೆ ಹ್ಯಾಗಿರ್ತದೆ? ವರ್ಷಾ ವರ್ಷ ಕರೀತಾರಾ?

ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್, ಏರ್ ಟ್ರಾಫಿಕ್ ಕಂಟ್ರೋಲ್. 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಕರೆದಿದ್ದರು. 2024 ಖಾಲಿ ಹೋಯಿತು ನೋಡಿ, ಹಾಗಾಗಿ ಪ್ರತಿ ವರ್ಷ ಬರುತ್ತದೆ ಅಂತ ನಂಬಿ ಕೂರಬೇಡಿ.

ಈಚಿನ ನೇಮಕಾತಿಗಳಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ಎರಡು ಗಂಟೆಯ ಒಂದೇ ಪರೀಕ್ಷೆ, 120 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅರ್ಧ ಭಾಗ ಇಂಗ್ಲಿಷ್, ತರ್ಕ, ಲೆಕ್ಕಾಚಾರ, ಸಾಮಾನ್ಯ ಜ್ಞಾನ. ಉಳಿದರ್ಧ ಭೌತಶಾಸ್ತ್ರ ಮತ್ತು ಗಣಿತ. ವಿಮಾನದ ಬಗ್ಗೆ ಏನೂ ಕೇಳುವುದಿಲ್ಲ, ಅದನ್ನು ಅವರೇ ಕಲಿಸುತ್ತಾರೆ. ಬಿ.ಎಸ್‌ಸಿಯವರಿಗೆ ದ್ವಿತೀಯಾರ್ಧ ಅನುಕೂಲ. ಎಂಜಿನಿಯರುಗಳು ಮೊದಲ ವರ್ಷದ ಭೌತಶಾಸ್ತ್ರ ಮರೆತು ಅಲ್ಲಿ ಸೋಲುತ್ತಾರೆ.

ಹುಬ್ಬಳ್ಳಿಯಲ್ಲಿ ಒಂದು ಕಡೆ ‘ಎಟಿಸಿ ಡಿಪ್ಲೊಮಾ’ ಅಂತ ಬೋರ್ಡ್ ನೋಡಿದೆ. ಸೇರ್ಲಾ?

ಬೇಡ. ಭಾರತದಲ್ಲಿ ಯಾವ ಖಾಸಗಿ ಡಿಪ್ಲೊಮಾದಿಂದಲೂ ನೀವು ಎಎಐ ಕಂಟ್ರೋಲರ್ ಆಗುವುದಿಲ್ಲ. ಮೊದಲು ಆಯ್ಕೆಯಾಗಬೇಕು, ಆಮೇಲೆ ಸಂಸ್ಥೆಯೇ ತರಬೇತಿ ಕೊಡುತ್ತದೆ. ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಗ್ರೌಂಡ್ ಸ್ಟಾಫ್, ಟಿಕೆಟಿಂಗ್ ಅಂತ ಇರುತ್ತದೆ, ಅದು ಬೇರೆಯೇ ಕೆಲಸ. ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುವುದು ನಿಮ್ಮ ಇಷ್ಟ. ನನ್ನ ಅಭಿಪ್ರಾಯದಲ್ಲಿ ಪಿಯುಸಿ ಮತ್ತು ಪದವಿಯ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ, ಇಷ್ಟು ಸಾಕು. ‘ದಿಲ್ಲಿಯಲ್ಲಿ ನಮ್ಮ ಜನ ಇದ್ದಾರೆ, ಮೂರು ಲಕ್ಷ ಕೊಟ್ಟರೆ ಸೀಟು’ ಅನ್ನುವವರ ನಂಬರನ್ನು ಪೊಲೀಸರಿಗೆ ಕೊಡಿ.

ಪರೀಕ್ಷೆ ಪಾಸಾದ್ಮೇಲೆ ವಾಯ್ಸ್ ಟೆಸ್ಟ್ ಅಂತೆ. ಹಾಡಿಸ್ತಾರಾ?

ಹಾಡಿಸುವುದಿಲ್ಲ ಮಾರಾಯ್ರೆ. ಓದಿಸುತ್ತಾರೆ, ಮಾತಾಡಿಸುತ್ತಾರೆ. ತೊದಲು ಇದೆಯಾ, ಅಂಕಿಗಳು ಸ್ಪಷ್ಟವಾಗಿ ಕೇಳಿಸುತ್ತವೆಯಾ, ಗಾಬರಿಯಾದಾಗ ವೇಗ ಹೆಚ್ಚುತ್ತದೆಯಾ, ಇಂಥವನ್ನು ಗಮನಿಸುತ್ತಾರೆ. ನಮ್ಮ ಕರಾವಳಿಯ ರಾಗ ಇಂಗ್ಲಿಷಿನಲ್ಲೂ ಸ್ವಲ್ಪ ಉಳಿಯುತ್ತದೆ, ಅದರಿಂದ ಯಾರೂ ಫೇಲಾಗುವುದಿಲ್ಲ. ವಾಕ್ಯದ ಕೊನೆಯ ಅಕ್ಷರ ನುಂಗುವುದು ನಿಜವಾದ ತೊಂದರೆ. ಶಿರಸಿ ಸೀಮೆಯವರಿಗೆ ಇನ್ನೊಂದು ಮಾತು: ಬಾಯಲ್ಲಿ ಕವಳ ಇಟ್ಟುಕೊಂಡೇ ಮಾತಾಡುವ ಅಭ್ಯಾಸವಿದ್ದರೆ ಈಗಲೇ ಬಿಡಿ, ಮೈಕಿನಲ್ಲಿ ಅದು ನಡೆಯುವುದಿಲ್ಲ.

ಇದರ ಜೊತೆಗೆ ದಾಖಲೆ ಪರಿಶೀಲನೆ, ಮಾದಕ ವಸ್ತು ಪರೀಕ್ಷೆ, ಮಾನಸಿಕ ಸಾಮರ್ಥ್ಯದ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ಪೊಲೀಸ್ ಪರಿಶೀಲನೆ ಇವೆ. ಮಾದಕ ವಸ್ತುವಿನ ಪರೀಕ್ಷೆ ಸೇರುವಾಗ ಒಮ್ಮೆ ಮುಗಿಯುವಂಥದ್ದಲ್ಲ, ಸೇವೆಯಲ್ಲಿರುವವರನ್ನೂ ಹೇಳದೆ ಕೇಳದೆ ಕರೆದು ಪರೀಕ್ಷಿಸುತ್ತಾರೆ. ಗೋಕರ್ಣದ ಬೀಚಿನಲ್ಲಿ ಗೆಳೆಯರು ಒತ್ತಾಯ ಮಾಡಿದಾಗ ಇದು ನೆನಪಿರಲಿ.

## ತರಬೇತಿ

ತರಬೇತಿ ಎಲ್ಲಿ? ಎಷ್ಟು ದಿನ? ನಾವು ದುಡ್ಡು ಕಟ್ಬೇಕಾ?

ಮುಖ್ಯ ಸಂಸ್ಥೆ ಪ್ರಯಾಗರಾಜ್‌ನ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜು, 1948ರದ್ದು. ಹೈದರಾಬಾದಿನ ಬೇಗಂಪೇಟೆಯಲ್ಲೂ ಮಹಾರಾಷ್ಟ್ರದ ಗೊಂದಿಯಾದಲ್ಲೂ ಕೇಂದ್ರಗಳಿವೆ. ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ಆರಂಭಿಕ ತರಬೇತಿ ತಿಂಗಳುಗಟ್ಟಲೆ ನಡೆಯುತ್ತದೆ. ತರಬೇತಿಗೆ ನೀವು ಶುಲ್ಕ ಕಟ್ಟಬೇಕಾಗಿಲ್ಲ. ಬದಲಿಗೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಲಕ್ಷಗಳ ಮೊತ್ತದ ಬಾಂಡ್ ಬರೆಸಿಕೊಳ್ಳುತ್ತಾರೆ. ತಂದೆಯವರ ಸಹಿ ಹಾಕಿಸುವ ಮೊದಲು ಆ ಕಾಗದ ಓದಿ ಹೇಳಿ.

ಒಳಗೆ ಎಂತ ಕಲಿಸ್ತಾರೆ?

ಮೊದಲು ತರಗತಿ: ವಿಮಾನಯಾನದ ಕಾನೂನು, ಹವಾಮಾನ, ದಿಕ್ಕು–ಮಾರ್ಗ ಲೆಕ್ಕ, ವಿಮಾನ ಹಾರುವ ತತ್ವ, ಯಾವ ವಿಮಾನ ಎಷ್ಟು ವೇಗ ಏರುತ್ತದೆ ಇಳಿಯುತ್ತದೆ, ರೇಡಿಯೋ ಮತ್ತು ರೇಡಾರ್ ಉಪಕರಣ, ಮನುಷ್ಯ ದಣಿದಾಗ ಹೇಗೆ ತಪ್ಪುತ್ತಾನೆ ಎಂಬುದು ಕೂಡ. ನಿಯಮಗಳನ್ನು ಅಕ್ಷರಶಃ ಬಾಯಿಪಾಠ ಮಾಡಿಸುತ್ತಾರೆ. ಅರ್ಥವಾದರೆ ಸಾಕು ಅಂತ ಬೆಳೆದ ನಮ್ಮಂಥವರಿಗೆ ಮೊದಲು ಸಿಟ್ಟು ಬರುತ್ತದೆ. ಆರು ವಿಮಾನ ಒಟ್ಟಿಗೆ ಕರೆಯುವಾಗ ಅರ್ಥ ಮಾಡಿಕೊಳ್ಳುತ್ತ ಕೂರಲು ಪುರುಸೊತ್ತಿರುವುದಿಲ್ಲ, ನಿಯಮ ನಾಲಿಗೆಯ ತುದಿಯಲ್ಲೇ ಇರಬೇಕು.

ಪ್ರತಿ ನಿಯಮದ ಹಿಂದೆ ಒಂದು ಅಪಘಾತವಿದೆ. 1977ರ ಮಾರ್ಚ್ 27ರಂದು ಟೆನೆರಿಫೆಯ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಗುದ್ದಿ 583 ಜನ ಸತ್ತರು. ಅನುಮತಿ ಸಿಗದೆಯೇ ಒಂದು ವಿಮಾನ ಓಡಲು ಶುರುಮಾಡಿತ್ತು, ರೇಡಿಯೋ ಮಾತು ಗೊಂದಲವಾಗಿತ್ತು. ಅಂದಿನಿಂದ ‘ಟೇಕ್ ಆಫ್’ ಅನ್ನುವ ಪದವನ್ನು ನಿಜವಾಗಿ ಹಾರಲು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದ ಸಮಯದಲ್ಲಿ ‘ಡಿಪಾರ್ಚರ್’. ತರಗತಿಯಲ್ಲಿ ಬಾಯಿ ತಪ್ಪಿ ಆ ಪದ ಬಂದರೂ ಮೇಷ್ಟ್ರು ಅಭ್ಯಾಸವನ್ನು ಅಲ್ಲೇ ನಿಲ್ಲಿಸುತ್ತಾರೆ.

ಆಮೇಲೆ ಸಿಮ್ಯುಲೇಟರ್. ಒಬ್ಬರು ಕಂಟ್ರೋಲರ್ ಆದರೆ ಪಕ್ಕದ ಕೋಣೆಯಲ್ಲಿ ಕುಳಿತ ಸಹಪಾಠಿಗಳು ಪೈಲಟ್‌ಗಳಾಗಿ ಮಾತಾಡುತ್ತಾರೆ. ಮರುದಿನ ಅದಲು ಬದಲು. ಪೈಲಟ್ ಪಾತ್ರವನ್ನು ಹಗುರವಾಗಿ ತೆಗೆದುಕೊಳ್ಳುವವರು ಹೆಚ್ಚು. ನನ್ನ ಅನುಭವದಲ್ಲಿ ಕಲಿಕೆ ಹೆಚ್ಚು ಆಗುವುದು ಆ ಕುರ್ಚಿಯಲ್ಲೇ. ನಿಮ್ಮ ಗೆಳೆಯನ ಸೂಚನೆ ಎಲ್ಲಿ ಉದ್ದವಾಯಿತು, ಎಲ್ಲಿ ಎರಡು ಅರ್ಥ ಬಂತು ಅಂತ ಕೇಳುವ ತುದಿಯಲ್ಲಿದ್ದಾಗ ತಿಳಿಯುತ್ತದೆ.

ಸಂಬಳ ಎಷ್ಟು ಬರ್ತದೆ, ನೇರವಾಗಿ ಹೇಳಿ.

ಜೂನಿಯರ್ ಎಕ್ಸಿಕ್ಯೂಟಿವ್ ವೇತನ ಶ್ರೇಣಿ 40,000 ರೂಪಾಯಿಯಿಂದ 1,40,000. ಮೂಲವೇತನದ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ, ಇತರ ಸೌಲಭ್ಯ ಸೇರುತ್ತವೆ. ಈಚಿನ ಅಧಿಸೂಚನೆಗಳು ವರ್ಷಕ್ಕೆ ಒಟ್ಟು ಸುಮಾರು 13 ಲಕ್ಷ ಅನ್ನುತ್ತವೆ, ಅದರಲ್ಲಿ ಭವಿಷ್ಯನಿಧಿ ಮುಂತಾದವೂ ಸೇರಿರುವುದರಿಂದ ಕೈಗೆ ಬರುವುದು ಅಷ್ಟಲ್ಲ. ರೇಟಿಂಗ್, ಅಂದರೆ ಒಂದು ನಿಲ್ದಾಣದಲ್ಲಿ ಒಂಟಿಯಾಗಿ ವಿಮಾನ ನಿಯಂತ್ರಿಸುವ ಅರ್ಹತೆ, ಸಿಕ್ಕ ಮೇಲೆ ಅದಕ್ಕೆ ಪ್ರತ್ಯೇಕ ಭತ್ಯೆ ಇದೆ.

## ರೇಟಿಂಗ್: ಯಾರೂ ಕೇಳದೆ ಬಿಡುವ ಏಣಿ

ತರಬೇತಿ ಮುಗೀತು, ಪೋಸ್ಟಿಂಗ್ ಆಯ್ತು. ಮತ್ತೆ ಓದೋದು ಎಂತಕ್ಕೆ?

ಈ ವೃತ್ತಿಯಲ್ಲಿ ಏಣಿ ಎರಡಿವೆ. ಒಂದು ಹುದ್ದೆಯದು, ಎಲ್ಲ ಸರ್ಕಾರಿ ನೌಕರಿಯಲ್ಲೂ ಇರುವಂಥದ್ದು. ಇನ್ನೊಂದು ರೇಟಿಂಗ್. ಮನೆಯವರು ಮೊದಲನೆಯದನ್ನು ಕೇಳುತ್ತಾರೆ, ಕಂಟ್ರೋಲರ್‌ಗಳು ಪರಸ್ಪರ ಕೇಳಿಕೊಳ್ಳುವುದು ಎರಡನೆಯದನ್ನು.

ಕಾಲೇಜಿನಿಂದ ಹೊರಬಂದವರು ಒಂಟಿಯಾಗಿ ಒಂದು ವಿಮಾನವನ್ನೂ ಮುಟ್ಟುವಂತಿಲ್ಲ. ಪೋಸ್ಟಿಂಗ್ ಆದ ನಿಲ್ದಾಣದಲ್ಲಿ ನಿಜವಾದ ವಿಮಾನಗಳ ಮೇಲೆ, ಅನುಭವಿ ಬೋಧಕರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಟವರ್ ರೇಟಿಂಗ್‌ಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ 90 ಗಂಟೆ ಅಥವಾ ಒಂದು ತಿಂಗಳು, ಎರಡರಲ್ಲಿ ಯಾವುದು ಹೆಚ್ಚೋ ಅದು. ಅಪ್ರೋಚ್ ಮತ್ತು ಏರಿಯಾಕ್ಕೆ 180 ಗಂಟೆ ಅಥವಾ ಮೂರು ತಿಂಗಳು. ಇವು ಕನಿಷ್ಠ, ಬಿಡುವಿಲ್ಲದ ನಿಲ್ದಾಣಗಳಲ್ಲಿ ಹೆಚ್ಚೇ ಹಿಡಿಯುತ್ತದೆ. ನಂತರ ಮೌಖಿಕ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ. ಲೈಸೆನ್ಸ್ ಕೊಡುವವರು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಕನಿಷ್ಠ ವಯಸ್ಸು 21.

ಈ ರೇಟಿಂಗ್ ಆ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹುಬ್ಬಳ್ಳಿಯ ಟವರಿನಲ್ಲಿ ಪಳಗಿದವರು ಬೆಂಗಳೂರಿಗೆ ವರ್ಗವಾದ ದಿನ ಮತ್ತೆ ಶಿಷ್ಯರೇ. ಹೊಸ ರನ್‌ವೇ, ಹೊಸ ಮಾರ್ಗಗಳು, ಹೊಸ ಗುಡ್ಡ–ಗೋಪುರ, ಹೊಸ ಗಾಳಿ. ಕಾರವಾರದ ಅಳಿವೆಯಲ್ಲಿ ಕತ್ತಲಲ್ಲೂ ದೋಣಿ ತರುವ ತಾಂಡೇಲ ಮಲ್ಪೆಯ ಅಳಿವೆಗೆ ಹೋದರೆ ಮೊದಲು ಅಲ್ಲಿಯವರನ್ನು ಪಕ್ಕ ಕೂರಿಸಿಕೊಳ್ಳಲೇಬೇಕಲ್ಲ, ಹಾಗೆ. ಹದಿನೈದು ವರ್ಷದ ಸೇವೆಯವರಿಗೆ ಐದು ವರ್ಷದವರು ಪಾಠ ಹೇಳುವುದು ಇಲ್ಲಿ ಮಾಮೂಲು. ಇದನ್ನು ಅವಮಾನ ಅಂದುಕೊಳ್ಳುವವರಿಗೆ ಈ ಕೆಲಸ ಒಗ್ಗುವುದಿಲ್ಲ. ಅಂಥವರು ಆಫೀಸಿನ ಕುರ್ಚಿ ಹುಡುಕಿಕೊಂಡು ಬೇಗ ಹೋಗಿಬಿಡುತ್ತಾರೆ.

ಅದೂ ಅಲ್ಲದೆ ದೀರ್ಘ ರಜೆ, ಹೆರಿಗೆ, ಅನಾರೋಗ್ಯದಿಂದ ಆರು ತಿಂಗಳು ಆ ಕೆಲಸ ಮಾಡದೇ ಇದ್ದರೆ ರೇಟಿಂಗ್ ಸಿಂಧುವಲ್ಲ. ಮತ್ತೆ ಪಕ್ಕದಲ್ಲಿ ಕುಳಿತು, ಮತ್ತೆ ಪರೀಕ್ಷೆ ಕೊಟ್ಟು ಪಡೆಯಬೇಕು.

ಕಲಿಯುವಾಗ ತಪ್ಪು ಮಾಡಿದ್ರೆ ಜವಾಬ್ದಾರಿ ಯಾರದ್ದು?

ಬೋಧಕರದ್ದು. ಇಬ್ಬರೂ ಒಂದೇ ಫ್ರೀಕ್ವೆನ್ಸಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡಿರುತ್ತಾರೆ, ಬೋಧಕರು ಯಾವ ಕ್ಷಣದಲ್ಲಾದರೂ ಮಾತು ಕಿತ್ತುಕೊಳ್ಳಬಹುದು. ಒಳ್ಳೆಯ ಬೋಧಕರು ಕೊನೆಯ ಸುರಕ್ಷಿತ ಕ್ಷಣದ ತನಕ ಕಾಯುತ್ತಾರೆ. ಮೊದಲೇ ಬಾಯಿ ಹಾಕಿದರೆ ಶಿಷ್ಯ ಕಲಿಯುವುದಿಲ್ಲ, ತಡವಾದರೆ ಅಂತರ ಹೋಗುತ್ತದೆ. ಇಡೀ ವೃತ್ತಿಯಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ ಕೆಲಸ ಈ ಕಾಯುವುದೇ.

ರೇಟಿಂಗ್ ಇದ್ದವರ ಕೈಯಲ್ಲಿ ತಪ್ಪಾದ್ರೆ ಜೈಲಿಗೆ ಹಾಕ್ತಾರಾ?

ಎರಡು ವಿಮಾನಗಳ ಅಂತರ ನಿಗದಿಗಿಂತ ಕಡಿಮೆಯಾದರೆ ಮೊದಲು ಕಂಟ್ರೋಲರ್‌ನನ್ನು ಆ ಸ್ಥಾನದಿಂದ ಎಬ್ಬಿಸುತ್ತಾರೆ. ರೇಡಿಯೋ ಮಾತು, ರೇಡಾರ್ ಚಿತ್ರ ಎಲ್ಲ ದಾಖಲಾಗಿರುತ್ತದೆ, ಕೂಡಿಸಿ ನೋಡುತ್ತಾರೆ. ಬಹಳ ಸಲ ಮತ್ತೆ ತರಬೇತಿ, ಮತ್ತೆ ಪರೀಕ್ಷೆ, ಆಮೇಲೆ ಕೆಲಸ. ತಪ್ಪನ್ನು ಮುಚ್ಚಿಟ್ಟವರ ಮೇಲಿನ ಕ್ರಮ ತಪ್ಪು ಮಾಡಿದವರಿಗಿಂತ ಕಠಿಣ, ಮತ್ತು ಹಾಗಿರುವುದೇ ಸರಿ.

ಬಡ್ತಿ ಹ್ಯಾಗೆ? ಕೊನೆಗೆ ಎಲ್ಲಿ ತನಕ ಹೋಗಬಹುದು?

ಜೂನಿಯರ್ ಎಕ್ಸಿಕ್ಯೂಟಿವ್ ನಂತರ ಅಸಿಸ್ಟೆಂಟ್ ಮ್ಯಾನೇಜರ್, ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಅಸಿಸ್ಟೆಂಟ್ ಜನರಲ್ ಮ್ಯಾನೇಜರ್, ಹೀಗೆ ಜನರಲ್ ಮ್ಯಾನೇಜರ್, ಎಕ್ಸಿಕ್ಯೂಟಿವ್ ಡೈರೆಕ್ಟರ್ ತನಕ. ಮಂಡಳಿಯಲ್ಲಿ ವಾಯು ಸಂಚಾರ ಸೇವೆಗಾಗಿಯೇ ಒಬ್ಬ ಸದಸ್ಯರಿದ್ದಾರೆ. ಮೊದಲ ಕೆಲವು ಮೆಟ್ಟಿಲು ಹೆಚ್ಚುಕಡಿಮೆ ಸೇವಾವಧಿಯ ಮೇಲೆ ಬರುತ್ತವೆ, ಮೇಲೆ ಹೋದ ಹಾಗೆ ಜಾಗ ಕಡಿಮೆ. ಕವಲುಗಳೂ ಇವೆ: ಪಾಳಿಯ ಮೇಲ್ವಿಚಾರಕ, ಬೋಧಕ, ಸುರಕ್ಷತಾ ತನಿಖೆ, ಹೊಸ ಹಾರಾಟ ಮಾರ್ಗಗಳ ವಿನ್ಯಾಸ, ಹೊಸ ಉಪಕರಣಗಳ ಯೋಜನೆ. ಮೈಕಿನ ಕೆಲಸ ಪ್ರೀತಿಸುವವರು ಮೇಲಿನ ಹುದ್ದೆಗೆ ಹೋದಾಗ ಖುಷಿಯಾಗಿರುವುದು ನಾನು ಕಂಡದ್ದು ಕಡಿಮೆ.

## ಬದುಕು, ಊರು

ರಾತ್ರಿ ಪಾಳಿ ಇರ್ತದಂತೆ. ಮಾರಿಕಾಂಬಾ ಜಾತ್ರೆಗಾದ್ರೂ ರಜೆ ಸಿಗ್ತದಾ?

ಜಾತ್ರೆ ಎರಡು ವರ್ಷಕ್ಕೊಮ್ಮೆ, ಆದ್ದರಿಂದ ಮೊದಲೇ ಹೇಳಿಟ್ಟರೆ ಸಿಗುತ್ತದೆ. ದೀಪಾವಳಿ, ಚವತಿಗೆ ಸಿಗುವುದು ಕಷ್ಟ, ಹಬ್ಬದ ದಿನ ವಿಮಾನಗಳೇ ಹೆಚ್ಚು. ಪಾಳಿ ಮಧ್ಯಾಹ್ನ, ಬೆಳಿಗ್ಗೆ, ರಾತ್ರಿ, ಆಮೇಲೆ ರಜೆ ಅಂತ ಸುತ್ತುತ್ತದೆ. ಕೆಲಸದ ಗಂಟೆಗಳಿಗೆ ಡಿಜಿಸಿಎ ಮಿತಿ ಹಾಕಿದೆ, ಮೈಕಿನ ಮುಂದೆ ಸುಮಾರು ಎರಡು ಗಂಟೆ ಕುಳಿತ ಮೇಲೆ ಬಿಡುವು ಕೊಡಬೇಕು. ಒತ್ತಡ ಒತ್ತಡ ಅಂತ ಎಲ್ಲರೂ ಹೇಳುತ್ತಾರೆ. ವಿಮಾನಗಳು ತುಂಬಿರುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ದೇಹವನ್ನು ತಿನ್ನುವುದು ಬೆಳಗಿನ ಜಾವ ಮೂರು ಗಂಟೆಗೆ ಒಂದೇ ಒಂದು ವಿಮಾನ ಇರುವಾಗ ಎಚ್ಚರವಾಗಿರುವುದು.

ಹೆಣ್ಣುಮಕ್ಕಳಿಗೆ ಆಗುವ ಕೆಲಸವಾ?

ಎಷ್ಟೋ ಟವರುಗಳಲ್ಲಿ ಈಗಾಗಲೇ ಹೆಣ್ಣುಮಕ್ಕಳ ದನಿ ಕೇಳುತ್ತದೆ. 2025ರ ನೇಮಕಾತಿಯಲ್ಲಿ ಮಹಿಳೆಯರಿಗೆ ಅರ್ಜಿ ಶುಲ್ಕವೂ ಇರಲಿಲ್ಲ. ಈ ಪ್ರಶ್ನೆ ಕೇಳುವವರ ಮನಸ್ಸಲ್ಲಿರುವುದು ರಾತ್ರಿ ಪಾಳಿ ಮತ್ತು ಮದುವೆಯ ನಂತರದ ವರ್ಗಾವಣೆ. ಎರಡೂ ನಿಜ, ಎರಡೂ ಗಂಡಸರಿಗೂ ಇವೆ.

ಗಲ್ಫ್‌ಗೆ ಹೋದ್ರೆ ಜಾಸ್ತಿ ಸಂಬಳ ಅಲ್ವಾ?

ಹೌದು, ಆದರೆ ಅವರು ಕೇಳುವುದು ರೇಡಾರ್ ರೇಟಿಂಗ್ ಮತ್ತು ಕೆಲವು ವರ್ಷದ ಅನುಭವ. ಲೈಸೆನ್ಸ್ ಹಾಗೇ ನಡೆಯುವುದಿಲ್ಲ, ಅಲ್ಲಿಯದನ್ನು ಅಲ್ಲಿಯೇ ಪಡೆಯಬೇಕು. ಬಾಂಡ್ ಅವಧಿ ಮುಗಿಯುವ ತನಕ ಆ ಯೋಚನೆ ಬೇಡ.

ನೌಕಾಪಡೆಯ ಎಟಿಸಿಗೆ ಸೇರೋದು ಹ್ಯಾಗೆ?

ಅದು ಅಧಿಕಾರಿ ಹುದ್ದೆ. ನಿಗದಿತ ವರ್ಷಗಳ ಸೇವೆಯ ಶಾರ್ಟ್ ಸರ್ವೀಸ್ ಕಮಿಷನ್ ಮೂಲಕ ಗಂಡು, ಹೆಣ್ಣು ಇಬ್ಬರನ್ನೂ ತೆಗೆದುಕೊಳ್ಳುತ್ತಾರೆ. ಬಿ.ಇ. ಅಥವಾ ಬಿ.ಟೆಕ್‌ನಲ್ಲಿ 60 ಶೇಕಡಾ, ಹತ್ತನೇ, ಹನ್ನೆರಡನೇ ತರಗತಿಯಲ್ಲೂ ಒಳ್ಳೆಯ ಅಂಕ, ನಂತರ ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ ನಡೆಸುವ ಹಲವು ದಿನದ ಎಸ್‌ಎಸ್‌ಬಿ ಸಂದರ್ಶನ. ಬರೀ ಬಿ.ಎಸ್‌ಸಿ ಸಾಲದು. ಮೊದಲ ತರಬೇತಿ ಕೇರಳದ ಏಳಿಮಲೆಯ ನೌಕಾ ಅಕಾಡೆಮಿಯಲ್ಲಿ, ನಮ್ಮ ಕರಾವಳಿಯ ರೈಲು ಹಿಡಿದರೆ ದೂರವಿಲ್ಲ. ಕಾರವಾರದ ಕಡಲತೀರದಲ್ಲಿ ಚಪಲ ಯುದ್ಧನೌಕೆಯ ಪಕ್ಕ ನಿಲ್ಲಿಸಿದ ಟುಪೊಲೆವ್ ವಿಮಾನ ನೋಡಿ ಆಸೆ ಹುಟ್ಟಿದವರು ಈ ದಾರಿಯನ್ನೂ ನೋಡಬಹುದು.

ಅಲಗೇರಿಯಲ್ಲಿ ಏರ್‌ಪೋರ್ಟ್ ಆಗ್ತದಂತೆ. ಆಗ ನಮ್ಮ ಹುಡುಗರಿಗೆ ಅಲ್ಲೇ ಎಟಿಸಿ ಕೆಲಸ ಸಿಗ್ಬಹುದಾ?

ಅಂಕೋಲಾ ತಾಲೂಕಿನ ಅಲಗೇರಿ ಭಾಗದ ಯೋಜನೆ ನೌಕಾಪಡೆಯ ವಿಮಾನ ನೆಲೆ, ಅದರ ಜೊತೆಗೆ ನಾಗರಿಕರಿಗಾಗಿ ಒಂದು ಟರ್ಮಿನಲ್. ಜಮೀನು ಬಿಟ್ಟುಕೊಡುವ ಮನೆಗಳಲ್ಲಿ ಈ ಪ್ರಶ್ನೆ ಬರುವುದು ಸಹಜ. ಗೋವಾದ ದಾಬೋಲಿಂ ಮಾದರಿಯಲ್ಲೇ ನಡೆದರೆ ಅಲ್ಲಿಯ ಎಟಿಸಿ ನೌಕಾಪಡೆಯ ಅಧಿಕಾರಿಗಳ ಕೈಯಲ್ಲಿರುತ್ತದೆ. ಟರ್ಮಿನಲ್‌ನಲ್ಲಿ ಸ್ಥಳೀಯರಿಗೆ ಬೇರೆ ಕೆಲಸಗಳು ಹುಟ್ಟಬಹುದು, ಅದು ಬೇರೆ ಲೆಕ್ಕ. ಎಎಐ ಆಗಲಿ ನೌಕಾಪಡೆಯಾಗಲಿ ಕಂಟ್ರೋಲರ್‌ಗಳನ್ನು ಊರು ನೋಡಿ ತೆಗೆದುಕೊಳ್ಳುವುದಿಲ್ಲ, ದೇಶಕ್ಕೆಲ್ಲ ಒಂದೇ ಪಟ್ಟಿ. ಎಎಐ ಸೇರಿದರೆ ಮೊದಲ ಪೋಸ್ಟಿಂಗ್ ಅಗರ್ತಲಾ ಆಗಬಹುದು, ಅಹಮದಾಬಾದ್ ಆಗಬಹುದು. ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿಗೆ ವರ್ಗ ಕೇಳುವವರ ಸಾಲು ಉದ್ದವಿದೆ. ಸೇರಿದ ವರ್ಷವೇ ಅರ್ಜಿ ಕೊಡಲು ಆಗುವುದಿಲ್ಲ, ಆದರೆ ಕೊಡಲು ಆಗುವ ಮೊದಲ ದಿನವೇ ಕೊಟ್ಟುಬಿಡಿ.